ಟಿಕೀಟ ಅತ್ತಿಯ ಹಾಲ್ಟ್

ಹ್ವಾದ ವಾರ ನಾ ರೈಲಿಗೆ ಕೈ ಮಾಡಿದೆ, ಟಂಟಂ ರಿಕ್ಷಾಕ್ಕ ಮಾಡಿದಂಗ. ನಮ್ಮೂರ ಹಾಲ್ಟಿನ್ಯಾಗ ಗಾಡಿ ನಿಲ್ಲೂದು ಬಂದಾಗಿ ವರ್ಷಗಟ್ಟಲೆ ಆತು. ಊರ ನಾಯಿಗೂ ಗೊತ್ತು, ನನ್ನ ಕೈಗೆ ಗೊತ್ತಿರಲಿಲ್ಲ. ಗಾಡಿ ಹೋದ ಹೊಡತಕ್ಕ ಟೊಪಗಿ ಜಾಲಿಕಂಟಿ ಸೇರ್ತು. ಒಂದ ಹೆಜ್ಜಿ ಮುಂದಿದ್ರ ನಾನೂ ಟಿಕೀಟಿಲ್ಲದ ವಿಜಾಪುರ ಮುಟ್ಟತಿದ್ದೆ. ಹಿಂದ ಉಳದದ್ದು ಕಾದ ಕಬ್ಬಿಣದ ವಾಸನಿ ಅಷ್ಟ... ಅದರ ಸಂಗಾಟ ಟಿಕೀಟ ಅತ್ತಿ ನೆನಪಾದ್ಲು.

ಬಾದಾಮಿಗೂ ಬಾಗಲಕೋಟಿಗೂ ನಡುವ ನಮ್ಮ ಹಾಲ್ಟ್ ಅಂದ್ರ ಒಂದ ಬೋರ್ಡು, ಒಂದ ಬೇವಿನ ಗಿಡ, ತಗಡಿನ ಖೋಲಿ. ಖೋಲ್ಯಾಗ ಊರಿಗೆಲ್ಲಾ ಅತ್ತಿ ಆದಾಕಿ. ಆಕೀದು ಸರ್ಕಾರಿ ನೌಕರಿ ಅಲ್ಲ. ದೊಡ್ಡ ಸ್ಟೇಶನ್ನಿಂದ ಟಿಕೀಟ ತಂದು ಮಾರಿ, ಮಾರಿದ್ದಕ್ಕ ಕಮಿಶನ್ ತಗೊಳ್ಳಾಕಿ. ಟಿಕೀಟ ಮಾರಾಟ ಆದ್ರ ಹಾಲ್ಟಿಗೆ ಗಾಡಿ ನಿಲ್ತತಿ, ಇಲ್ಲಂದ್ರ ಇಲ್ಲ.

ನಮ್ಮೂರ ಮಂದಿ ಭಾಳ ಮರ್ಯಾದಿಯವ್ರು. ಬಳಗದಾಕಿ ಕೈಯಾಗ ರೊಕ್ಕ ಇಟ್ಟು ಟಿಕೀಟ ತಗೊಂಡ್ರ ಆಕಿಗೆ ಅವಮಾನ ಅಂತ ತಿಳದಿದ್ವಿ. ಒಬ್ಬಾಂವ ಗಡಗಿ ಮೊಸರ ಇಡ್ತಿದ್ದ, ಒಬ್ಬಾಕಿ ರೊಟ್ಟಿ, ಇನ್ನೊಬ್ಬಾಕಿ ಬದನಿಕಾಯಿ. ಇಟ್ಟು ಟಿಕೀಟಿಲ್ಲದ ಗಾಡಿ ಹತ್ತೂದು. ಕಾಲೇಜಿಗೆ ಹೋಗೂ ನಾ ಅದನ್ನೂ ತರ್ತಿರಲಿಲ್ಲ, ಬರೇ ಜೋಕ್ ಹೇಳ್ತಿದ್ದೆ.

"ಟಿಕೀಟ ತಗೋ ಲೇ ಖೋಡಿ," ಅಂತಿದ್ಲು.

"ಅತ್ತಿ, ಸೋದರಳಿಯನ ಕಡೆ ರೊಕ್ಕ ಕೇಳ್ತೀ? ಮಗಳನ್ನ ಕೊಡು, ಜೋಡಿ ಟಿಕೀಟ ತಗೋತೇನಿ."

"ನನ್ನ ಮಗಳಿಗೆ ಕಣ್ಣ ಅದಾವು. ಟಿಕೀಟಿನ ರೊಕ್ಕ ಅಂತ ಈ ಮೊಸರ ಮ್ಯಾಲಿನ ಆಫೀಸಿಗೆ ಕಳಸಲೇನೋ? ಹಾಲ್ಟ್ ಬಂದಾದ್ರ ನಾ ಎಲ್ಲಿಗೆ ಹೋಗ್ಲಿ?"

ಎಲ್ಲಾರೂ ನಕ್ಕಿದ್ವಿ. ನಾ ಭಾಳ ನಕ್ಕಿದ್ದೆ...

ಟಿಕೀಟ ಹೋಗಲಿಲ್ಲ, ಹಾಲ್ಟ್ ಬಂದ್ ಆತು. ಊರ ಕಟ್ಟಿ ಮ್ಯಾಲೆ ಕುಂತು ಎಲ್ಲಾರೂ ಸರ್ಕಾರಕ್ಕ ಬೈದ್ರು, ನಾ ಎಲ್ಲಾರ್ಕಿಂತ ಜೋರ. ಅತ್ತಿ ಟ್ರಂಕ್ ಹೊತ್ತು ಮಗಳ ಸಂಗಾಟ ಊರ ಬಿಟ್ಟ ದಿನ ಕಳಸಾಕ ಒಬ್ರೂ ಹೋಗಲಿಲ್ಲ. ಕೆರೂರ ಬಸ್ಸಿನ್ಯಾಗ ಸೀಟ ಹಿಡಿಯೂ ಗದ್ದಲದಾಗಿದ್ವಿ. ಅಲ್ಲಿ ಮಾತ್ರ ಎಲ್ಲಾರೂ ಸುಮ್ನ ಟಿಕೀಟ ತಗೊಂಡ್ವಿ.

ಹ್ವಾದ ವಾರ ಜಾಲಿಕಂಟ್ಯಾಗ ಟೊಪಗಿ ಹುಡಕೂ ಮುಂದ, ಹಳಿ ನೋಡ್ಕೋತ ಬಂದ ಗ್ಯಾಂಗ್‌ಮನ್ ಕಾಕಾ ಗುರ್ತ ಹಿಡದ. ಅತ್ತಿ ಎಲ್ಲದಾಳ, ಒಮ್ಮೆ ಭೆಟ್ಟಿ ಆಗಿ ಬರ್ತೇನಿ ಅಂದೆ.

ಆತ ಸುತ್ತಗಿ ಕೆಳಗಿಟ್ಟ.

"ದೀಪಾವಳಿ ಮುಂದ ತೀರಕೊಂಡ್ಲೋ ತಮ್ಮಾ. ಬಾದಾಮಿ ಸ್ಟೇಶನ್ ಹೊರಗ ಭಜಿ ಕರದು ಬಾಳೇವು ಮಾಡಿದ್ಲು. ನಿಮ್ಮೂರವ್ರನ್ನ ಮಣ್ಣ ಮಾಡಾಕ ಕರೀಬ್ಯಾಡ ಅಂತ ಮಗಳಿಗೆ ಹೇಳೇ ಹ್ವಾದ್ಲು. ನಿನಗೂ ನಾ ಹೇಳಬಾರದಿತ್ತು."