ಪಾಸಾದ ಹಗ್ಗ

ನನ್ನ ಮೇಜಿನ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಹಗ್ಗದ ತುಂಡೊಂದು ಬಿದ್ದಿದೆ. ಇದರ ಕತೆ ಹೇಳುವಾಗ ಇದು ನೀಲಿ ಎಂದು ನಾಲ್ಕು ಜನರ ಮುಂದೆ ಹೇಳಿದ್ದೇನೆ. ಈಗ ನೋಡಿದರೆ ಹಸಿರು. ಆದ್ದರಿಂದ, ಗೆಳೆಯರೇ, ಮುಂದಿನದನ್ನೂ ಸ್ವಲ್ಪ ಸಡಿಲವಾಗಿಯೇ ಹಿಡಿದುಕೊಳ್ಳಿ.

ರಾಯಚೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕಬ್ಬಿಣದ ಸರಳು, ಪ್ಲಾಸ್ಟಿಕ್ ಪಟ್ಟಿಗಳನ್ನು ಯಂತ್ರದ ಎರಡು ದವಡೆಗಳಿಗೆ ಕಚ್ಚಿಸಿ, ತುಂಡಾಗುವವರೆಗೆ ಎಳೆಸಿ, ಎಷ್ಟು ಭಾರ ತಡೆಯಿತೆಂದು ಬರೆದುಕೊಡುವುದು ನನ್ನ ಕೆಲಸ. ಹಿರೇಕೊಟ್ನೆಕಲ್ಲಿನ ಸೋದರಮಾವ ಒಂದು ದಿನ ಅಲ್ಲಿಗೆ ಹೊಸ ಹಗ್ಗ ಹಿಡಿದು ಬಂದ. ಹಗ್ಗದ ತುದಿಗೆ ಅವನ ಟಗರೂ ಬಂತು. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ. ಅದು ಬೆಳೆದು, ಕಟ್ಟಿದ್ದನ್ನೆಲ್ಲ ಹರಿದುಕೊಂಡು, ಪಕ್ಕದ ಮನೆಯ ಬಾಗಿಲಿಗೆ ಎರಡು ಸಲ ಗುದ್ದಿತ್ತು. ಗಟ್ಟಿ ಹಗ್ಗವೆಂದು ರುಜುವಾತು ತಾ, ಇಲ್ಲವೇ ದೇವದುರ್ಗದ ಸಂತೆಯಲ್ಲಿ ಮಾರು ಎಂದು ಊರ ಹಿರಿಯರು ಹೇಳಿದ್ದರು.

ಒಂದು ತುಂಡು ಕೊಯ್ದು ಕೊಟ್ಟರೆ ಸಾಕು ಎಂದೆ.

"ತುಂಡಿಗೆ ಕಾಗದ ಕೊಟ್ರ ಉಳಿದ ಹಗ್ಗದ ಜವಾಬ್ದಾರಿ ಯಾರದಲೇ? ಇಡೀದನ್ನ ನೋಡು."

ಒಂದಗುಳು ಹಿಸುಕಿ ಇಡೀ ಅನ್ನ ಬೆಂದಿದೆ ಎನ್ನುವ ನಮ್ಮ ವಿದ್ಯೆ ಅವನ ಮುಂದೆ ನಡೆಯಲಿಲ್ಲ. ಟಗರನ್ನು ತನ್ನ ತಲೆಯ ರುಮಾಲಿನಿಂದ ಗೇಟಿಗೆ ಕಟ್ಟಿ, ಹಗ್ಗವನ್ನು ಯಂತ್ರಕ್ಕೆ ಒಪ್ಪಿಸಿದ. ಅದು ಹಿಗ್ಗಿತು, ತೆಳ್ಳಗಾಯಿತು, ನಡುವೆ ಬೆಳ್ಳಗಾಯಿತು. ಹತ್ತು ಟಗರುಗಳ ಭಾರ ಹೊತ್ತು, ಫಟ್ಟೆಂದು ಎರಡಾಯಿತು. ನಾನು ಹೆಮ್ಮೆಯಿಂದ 'ಉತ್ತಮ' ಎಂದು ಬರೆದೆ. ಮಾವ ಕಾಗದ ನೋಡಿದ, ತುಂಡುಗಳನ್ನು ನೋಡಿದ.

"ಪಾಸಾಗ್ಯದ ಅಂತಿ. ಎಲ್ಲಿ ಅದ?"

ಇಷ್ಟು ವರ್ಷ ಈ ಪ್ರಶ್ನೆ ನನಗೇಕೆ ಹೊಳೆದಿರಲಿಲ್ಲವೋ. ಗಟ್ಟಿಯೆಂದು ಸಾಬೀತಾದದ್ದು ಉಳಿದಿಲ್ಲ, ಉಳಿದದ್ದಕ್ಕೆ ಸಾಬೀತಿಲ್ಲ. ನೆನಪೂ ಹಾಗೆಯೇ ಇರಬೇಕು: ಮೆಲ್ಲಗೆ ಎಳೆದು ಬಿಟ್ಟರೆ ಮೊದಲಿನಷ್ಟಕ್ಕೆ ಮರಳುತ್ತದೆ, ಮಿತಿ ಮೀರಿ ಎಳೆದರೆ ಹಿಗ್ಗಿದ್ದು ಹಿಗ್ಗಿದಂತೆಯೇ ನಿಲ್ಲುತ್ತದೆ, ನಾವು ಅದನ್ನೇ ಅದರ ಉದ್ದವೆಂದು ನಂಬುತ್ತೇವೆ.

ಮಾವನಿಗೆ ಅಂಥ ಪುರುಸೊತ್ತಿರಲಿಲ್ಲ. ರುಮಾಲನ್ನು ಟಗರಿಗೇ ಬಿಟ್ಟು ಬರಿದಲೆಯಲ್ಲಿ ಊರು ಹೊಕ್ಕರೆ, ಯಾರು ತೀರಿಹೋದರೆಂದು ಕೇಳುವ ಮೊದಲೇ ಹೆಂಗಸರು ಅಳಲು ಕೂರುತ್ತಾರೆ. ಎರಡು ತುಂಡುಗಳನ್ನು ಗಂಟು ಹಾಕಿ ಟಗರನ್ನು ಕಟ್ಟಿದ, ರುಮಾಲು ಸುತ್ತಿಕೊಂಡ. ಈ ಗಂಟಿಗೂ ಒಂದು ಕಾಗದ ಎಂದು ಶುರುಮಾಡಿದವನು, ನಾನು ಯಂತ್ರದ ದವಡೆ ತೆರೆದದ್ದೇ ಹಗ್ಗವನ್ನು ಬೆನ್ನ ಹಿಂದೆ ಸರಿಸಿದ.

"ಬ್ಯಾಡ ಬಿಡು. ಇದು ಫೇಲಾಗೇ ಇರಲಿ."

ಹಿರಿಯರು ಕಾಗದ ಓದಿಸಿ, ಗಂಟು ಮುಟ್ಟಿ ನೋಡಿದರಂತೆ. ಕೊನೆಗೆ ಒಬ್ಬ ಮುದುಕಪ್ಪ ತೀರ್ಪು ಕೊಟ್ಟನಂತೆ: "ಹತ್ತು ಟಗರಿಗೆ ಹರದದ್ದು, ಒಂದಕ್ಕ ತಡೀತದ."

ಟಗರು ಇಂದಿಗೂ ಆ ಗಂಟಿನಲ್ಲೇ ಇದೆ. ಗಂಟಿನಾಚೆ ಉಳಿದ ಬಾಲವನ್ನು ಅಂದು ನಾನು ಕೊಯ್ದಿಟ್ಟುಕೊಂಡೆ. ಮೇಜಿನ ಮೇಲಿರುವುದು ಅದೇ. ಆಗಾಗ ಎರಡೂ ತುದಿ ಹಿಡಿದು ಎಳೆಯುತ್ತೇನೆ. ಸ್ವಲ್ಪ ಮಣಿಯುತ್ತದೆ. ಅಲ್ಲಿಗೇ ಬಿಟ್ಟುಬಿಡುತ್ತೇನೆ, ನೆನಪಿನಲ್ಲಿ ಅದು ಬೇಕಾದರೆ ನೀಲಿಯೇ ಇರಲಿ.