ಚಂದ್ರಂಪಳ್ಳಿಯಲ್ಲಿ ಅಪ್ಪನ ಹಾಯಿ

ಈಗಲೂ ಶಹಾಬಾದಿನ ರಸ್ತೆಯಲ್ಲಿ ಲಾರಿಯ ತಾಡಪತ್ರಿ ಗಾಳಿಗೆ ಪಟಪಟ ಬಡಿದರೆ ನನ್ನ ಅಂಗೈ ಬೆವರುತ್ತದೆ. ಚಂದ್ರಂಪಳ್ಳಿ ಜಲಾಶಯದ ನೀರಿನ ಮೇಲೆ ಆ ದೋಣಿ ಮತ್ತೆ ವಾಲುತ್ತದೆ.

ಅಪ್ಪ ಬದುಕೆಲ್ಲ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಲಾರಿ ಓಡಿಸಿದವನು. ಕೆಲಸ ಬಿಟ್ಟ ಮೇಲೆ, ಮೀನುಗಾರರೊಬ್ಬರು ದಡದಲ್ಲಿ ಬೋರಲು ಹಾಕಿದ್ದ ಹಳೆಯ ದೋಣಿಯನ್ನು ಕೇಳಿ ಪಡೆದ. ಅದಕ್ಕೆ ಹಾಯಿ ಕಟ್ಟಿ, ಅವ್ವನನ್ನು ಕೂರಿಸಿಕೊಂಡು ಆಚೆ ದಂಡೆ ಮುಟ್ಟಬೇಕೆಂಬುದು ಅವನ ಆಸೆ. ಕಾರವಾರದ ಶಿಬಿರವೊಂದರಲ್ಲಿ ಹಾಯಿ ನಡೆಸಲು ಕಲಿತಿದ್ದ ನನ್ನ ತಂಗಿ ಜೊತೆಯಾದಳು.

ಬಿರುಕುಗಳಿಗೆ ಹತ್ತಿ ತುರುಕಿ ಡಾಂಬರು ಹಚ್ಚಿದರು. ಗಟ್ಟಿ ಬಿದಿರಿನ ಗಳವನ್ನು ಕಂಬವಾಗಿ ನಿಲ್ಲಿಸಿದರು. ಹಳೆಯ ತಾಡಪತ್ರಿಯೇ ಹಾಯಿಯಾಯಿತು. ದೋಣಿ ಹಗುರಾಗಿ ಮಗುಚಬಾರದೆಂದು ತಳದಲ್ಲಿ ಫರ್ಸಿ ಹಾಸಿದರು. ಅವು ಜಾರದಂತೆ ತಂಗಿ ಸುತ್ತ ಕಟ್ಟಿಗೆಯ ಬೆಣೆ ಹೊಡೆದಳು.

ಮೊದಲ ಸಲ ನೀರಿಗಿಳಿಸಿದ ದಿನ ಅಪ್ಪ ಹಾಯಿಯ ಕೆಳತುದಿಯ ಹಗ್ಗವನ್ನು ದೋಣಿಯ ಅಂಚಿಗೆ ಬಿಗಿದ. ಲಾರಿಯ ಮೇಲೆ ಹೊರೆ ಬಿಗಿಯುವ ಗಂಟು ಅದು, ಎಳೆದಷ್ಟೂ ಬಿಗಿಯಾಗುವಂಥದು.

"ಅಪ್ಪಾ, ಕಟ್ಟಬ್ಯಾಡ. ಹಗ್ಗ ಕೈಯಾಗ ಇರ್ಲಿ," ಎಂದಳು ತಂಗಿ.

"ನನಗ ಗಂಟು ಕಲಿಸ್ತೀ ಏನವ್ವಾ? ಸೊಲ್ಲಾಪುರ ತನಕ ನಂದೊಂದು ಗಂಟು ಬಿಚ್ಚಿಲ್ಲ!"

ದಡದಲ್ಲಿ ನನ್ನ ಪಕ್ಕ ನಿಂತಿದ್ದ ಅವ್ವ ನಕ್ಕಳು: "ನೋಡು, ತಂದಿ ಮಗಳು ಕೂಡಿ ನೀರಿನ ಮ್ಯಾಗ ಲಾರಿ ಹೊಡೀಲಿಕತ್ತಾರ."

ಇಬ್ಬರೂ ಹತ್ತಿದ ದೋಣಿ ಸ್ವಲ್ಪ ದೂರ ಚೆಂದವಾಗಿಯೇ ಸಾಗಿತು. ಆಮೇಲೆ ಗುಡ್ಡದ ಕಡೆಯಿಂದ ಒಮ್ಮೆಲೇ ಗಾಳಿ ನುಗ್ಗಿತು. ಹಾಯಿ ಉಬ್ಬಿತು, ದೋಣಿ ಒಂದು ಬದಿಗೆ ವಾಲಿ ಅಂಚಿನ ಮೇಲಿಂದ ನೀರು ಒಳಗೆ ಹರಿಯತೊಡಗಿತು. ಹಗ್ಗ ಬಿಟ್ಟಿದ್ದರೆ ಹಾಯಿಯಿಂದ ಗಾಳಿ ಹೊರಟುಹೋಗುತ್ತಿತ್ತು. ಆದರೆ ಅಪ್ಪನ ಗಂಟು ಬಿಚ್ಚಲಿಲ್ಲ. ನಾನು ಭೌತಶಾಸ್ತ್ರ ಓದಿದವನು. ಅಲ್ಲಿ ಏನಾಗುತ್ತಿದೆಯೆಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಬಲ್ಲೆ. ಆದರೆ ಆಗ ಅವ್ವನ ಮುಂಗೈ ಹಿಡಿದು ನಿಂತುಬಿಟ್ಟೆ.

"ಕೊಯ್ಯಪ್ಪಾ! ಹಗ್ಗ ಕೊಯ್ಯಿ!" ತಂಗಿ ಮೇಲೆದ್ದ ಅಂಚಿಗೆ ಜೋತುಬಿದ್ದು ಚೀರುತ್ತಿದ್ದಳು.

ಅಪ್ಪ ಸೊಂಟದ ಚಾಕು ತೆಗೆದ. ತನ್ನ ಗಂಟನ್ನು ತಾನೇ ಕೊಯ್ದ. ತಾಡಪತ್ರಿ ಪಟಪಟ ಬಡಿದುಕೊಂಡಿತು. ಬೆಣೆ ಹೊಡೆದ ಫರ್ಸಿ ಅಲುಗಿರಲಿಲ್ಲ. ಅದರ ಭಾರಕ್ಕೆ ದೋಣಿ ನಿಧಾನವಾಗಿ ನೆಟ್ಟಗಾಯಿತು.

ಇಬ್ಬರೂ ತೊಯ್ದು ತೊಪ್ಪೆಯಾಗಿ ದಡಕ್ಕೆ ಬಂದರು. ಅವ್ವ ಬೈಯಲಿಲ್ಲ, ಸೆರಗಿನಿಂದ ಅಪ್ಪನ ತಲೆ ಒರೆಸಿದಳು.

ಇನ್ನು ದೋಣಿಯ ಸುದ್ದಿ ಬೇಡವೆಂದು ನಾನು ಹಟ ಹಿಡಿದೆ. ಅಪ್ಪ, ತಂಗಿ ಇಬ್ಬರೂ ಕೇಳಲಿಲ್ಲ. ಕಂಬವನ್ನು ಗಿಡ್ಡ ಮಾಡಿದರು, ಅಂಚನ್ನು ಹಲಗೆಯಿಂದ ಎತ್ತರಿಸಿದರು, ಲಾರಿ ಟ್ಯೂಬುಗಳನ್ನು ಊದಿ ಎರಡೂ ಬದಿಗೆ ಕಟ್ಟಿದರು. ಹಾಯಿಯ ಹಗ್ಗವನ್ನು ಮಾತ್ರ ಎಲ್ಲಿಗೂ ಕಟ್ಟಲಿಲ್ಲ. ನುಣುಪಾದ ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಅಪ್ಪನ ಕೈಗೆ ಕೊಟ್ಟಳು ತಂಗಿ.

"ಗಾಳಿ ಜಗ್ಗಿದ್ರ?"

"ಬಿಡ್ತೀನವ್ವಾ," ಎಂದ ಅಪ್ಪ ಮಗಳಿಗೆ.

ಈ ಸಲ ಅವ್ವ ನಡುವೆ ಕುಳಿತಳು. ಅದೇ ಗುಡ್ಡದ ಕಡೆಯಿಂದ ಗಾಳಿ ಬಂತು. ಈಚೆ ದಡದಲ್ಲೇ ಉಳಿದ ನಾನು ಕಣ್ಣು ಮುಚ್ಚಿದೆ. ತೆರೆದಾಗ ಅಪ್ಪ ಹಗ್ಗ ಸಡಿಲಿಸಿ, ಮತ್ತೆ ಎಳೆದುಕೊಂಡು ಹೋಗುತ್ತಲೇ ಇದ್ದ. ಆಚೆ ದಂಡೆಯಲ್ಲಿ ಮೊದಲು ಇಳಿದವಳು ಅವ್ವ. ನನ್ನ ಕಡೆ ತಿರುಗಿ ಕೈ ಎತ್ತಿದಳು. ನನ್ನ ಪಕ್ಕದಲ್ಲಿ ಮೇಕೆ ಮೇಯಿಸುತ್ತಿದ್ದವರೊಬ್ಬರು ಅವರು ಯಾರೆಂದು ಕೇಳಿದರು.

"ನಮ್ಮವರೇ ರಿ," ಎಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ.