ಹಾದಿ ಬಿಡ್ರಿ, ಕಾಕಾ

ಕುಸುಬಿ ಎಣ್ಣೆಯ ವಾಸನೆ. ನಾಳೆ ಮೊದಲ ಸಲ ರಸ್ತೆ ಓಟಕ್ಕೆ ಇಳಿಯಲಿರುವ ಮೊಮ್ಮಗಳು ಪಡಸಾಲೆಯಲ್ಲಿ ಕೂತು ಕಾಲಿಗೆ ತಿಕ್ಕಿಕೊಳ್ಳುತ್ತಿದ್ದಳು. ನನಗೆ ಯಲಬುರ್ಗಿಯ ನಮ್ಮ ಓಣಿ ನೆನಪಾಯಿತು, ಪಕ್ಕದ ಮನೆಯ ಗಾಣದ ಕಾಕಾ ನೆನಪಾದರು...

ಆಗಿನ್ನೂ ನಿಜಾಮರ ಆಳ್ವಿಕೆ. ಬಜಾರದ ವ್ಯಾಪಾರಿಗಳು ಬೇವೂರಿನ ರಸ್ತೆಯಲ್ಲಿ ಹೋಗಿ ಬರುವ ಓಟದ ಪಂದ್ಯ ಇಟ್ಟಿದ್ದರು. ಮೊದಲು ಬಂದವನಿಗೆ ರೇಷ್ಮೆ ರುಮಾಲು. ಅದನ್ನು ಸುತ್ತಿಕೊಂಡು ಓಣಿಯಲ್ಲಿ ನಡೆಯಬೇಕೆಂದು ನನಗೆ ನಿದ್ದೆಯಿರಲಿಲ್ಲ. ಕಾಕಾ ಕೂಡ ಓಡುವವರೇ. ವರ್ಷವಿಡೀ ಎತ್ತಿನ ಹಿಂದೆ ಸುತ್ತು ಹಾಕುವ ಅವರಿಗೆ ನೆಟ್ಟಗಿನ ರಸ್ತೆ ಕಂಡರೆ ಹುಚ್ಚು.

"ಹೊಸಬ ಅದಿ, ಮುಂದಿನ ಸಾಲಿನ್ಯಾಗ ನಿಂದ್ರಬ್ಯಾಡ" ಎಂದಿದ್ದರು. "ಉಗುಳೋ ಮುಂದ ಹಿಂದ ನೋಡು. ನೀರು ಕುಡಿಯೂದಿದ್ರ ರಸ್ತಾ ಬಿಟ್ಟು ನಿಂದ್ರು. ದಾಟೂದಿದ್ರ ಬಾಯಿಬಿಟ್ಟು ಹಾದಿ ಕೇಳು. ಮೊಣಕೈ ಆಡಿಸಿದಿ ಅಂದ್ರ ಗಾಣಕ್ಕ ನಿನ್ನ ಕಟ್ಟತೀನಿ, ಎತ್ತಿಗೆ ಸೂಟಿ ಕೊಡತೀನಿ."

ಅವತ್ತು ವಿಪರೀತ ಧೂಳಿತ್ತು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಧೂಳನ್ನು ಈಗ ನಾನೇ ಎರಚುತ್ತಿರಬಹುದು. ಕಾಕಾನ ಬೆನ್ನು ಮಾತ್ರ ಖರೆ. ಅರ್ಧ ದಾರಿ ಹಿಂದಿರುಗುವಷ್ಟರಲ್ಲಿ ನಾನು ಆ ಬೆನ್ನಿಗೆ ಬಂದು ತಾಗಿದ್ದೆ. ನಮಗಿಂತ ಮುಂದೆ ಬೇವೂರಿನವನೊಬ್ಬನೇ. ಕಾಲಲ್ಲಿ ಕಸುವಿತ್ತು. ಆದರೆ ಕೂತ ಹಿರಿಯರ ಮುಂದೆ ಹಾಯಬಾರದೆಂದು, ಬೆನ್ನ ಹಿಂದಿನಿಂದ ಬಳಸಿ ಹೋಗಬೇಕೆಂದು ಕಲಿತು ಬೆಳೆದವನು ನಾನು. ಕಾಕಾಗೆ "ಹಾದಿ ಬಿಡ್ರಿ" ಅನ್ನುವುದು ಹೇಗೆ? ಕೇಳದೆ ದಾಟುವುದೂ ತಪ್ಪು. ಬೆನ್ನಿಗೆ ಅಂಟಿಕೊಂಡೇ ಓಡಿದೆ. ಬೇವೂರಿನವ ದೂರ ದೂರ ಹೋದ...

ಕಾಕಾ ತಿರುಗಿ ನೋಡದೆಯೇ ಗದರಿದರು: "ಯಾಕಲೇ, ಬಾಯಾಗ ಅಡಿಕಿ ಇಟಗೊಂಡೀ ಏನ? ಕೇಳು!"

"ಹಾದಿ ಬಿಡ್ರಿ, ಕಾಕಾ..."

"ಹಾಂ! ಹೋಗ್ರಿ ಸಾಹೇಬ್ರ!" ಎಂದು ಎಡಕ್ಕೆ ಸರಿದು, ಓಡುತ್ತಲೇ ಸಲಾಮು ಹೊಡೆದರು. ಸಲಾಮು ನಿಜವೋ, ಆಮೇಲೆ ನಾನು ಕಟ್ಟಿದ್ದೋ, ಹೇಳಲಾರೆ.

ರುಮಾಲು ಬೇವೂರಿಗೆ ಹೋಯಿತು. ಎರಡನೆಯವನಾಗಿ ಬಂದ ನಾನು ಸಿಟ್ಟಿನಿಂದ ಮನೆಯ ಕಡೆ ಹೊರಟಿದ್ದೆ. ಹಿಂದೆಯೇ ಗೆರೆ ದಾಟಿದ ಕಾಕಾ ರಟ್ಟೆ ಹಿಡಿದು ನಿಲ್ಲಿಸಿದರು. "ಎಲ್ಲಿ ಹೊಂಟಿ? ಕಡೀ ಮನಶ್ಯಾ ಬರೂ ತನಕಾ ಓಟ ಮುಗದಿಲ್ಲ." ನಿಂತೆವು. ನೆರಳು ಉದ್ದವಾದ ಮೇಲೆ ಬಜಾರದ ದಪ್ಪ ದರ್ಜಿ ಏದುಸಿರು ಬಿಡುತ್ತಾ ಬಂದ. ಗೆದ್ದವನಿಗೂ ಹಾಗೆ ಕೂಗಿರದ ಕಾಕಾ ಅವನಿಗೆ "ಭಲೆ! ಭಲೆ!" ಎಂದು ಕೂಗಿದರು. ಆಮೇಲೆ ತಮ್ಮ ಎಣ್ಣೆ ಕಮಟಿನ ಟವೆಲನ್ನು ನನ್ನ ತಲೆಗೆ ಸುತ್ತಿದರು. ಅದನ್ನೇ ಸುತ್ತಿಕೊಂಡು ಓಣಿಯುದ್ದಕ್ಕೂ ನಡೆದೆ.

ಕಾಕಾ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಗಾಣವೂ ಹೋಯಿತು. ಅವರು ಯಾವುದೋ ಗೆರೆಯಾಚೆ ನನಗಾಗಿ ನಿಂತಿದ್ದಾರೆಂದು ಬರೆದರೆ ಚಂದ ಕಾಣುತ್ತದೆ. ನಾನು ನಂಬುವುದಿಲ್ಲ.

ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಕಡೆಯವನು ಬರುವ ತನಕ ನಿಂತದ್ದನ್ನು ಕೇಳಿ ನಕ್ಕಳು. "ಅಷ್ಟೊತ್ತು ಯಾರು ನಿಂದರ್ತಾರ, ಅಜ್ಜಾ?"

"ನಾ ಬರ್ತೀನಿ" ಎಂದೆ. "ಕೂಡಿ ನಿಂದ್ರೋಣು."